ಸಡಿಲಿಕೆ ಬೇರೆ, ಹೊಂದಾಣಿಕೆ ಬೇರೆ: ಅಗ್ನಿ ಸುರಕ್ಷತೆಯ ಸಂಹಿತೆ ಮತ್ತು ಬೆಂಗಳೂರಿನ ಗಲ್ಲಿಗಳು

ಕಳೆದ ತಿಂಗಳು ನಗರ್ತಪೇಟೆಯ ಒಂದು ಗಲ್ಲಿಯಲ್ಲಿ ಅಳತೆಯ ಟೇಪು ಹಿಡಿದು ನಿಂತಿದ್ದೆ. ಗೋಡೆಯಿಂದ ಗೋಡೆಗೆ 2.4 ಮೀಟರ್. ಅಂಗಡಿಯವರು ಹೊರಗಿಟ್ಟ ಮೂಟೆಗಳು, ಗೋಡೆಗೆ ಒತ್ತಿ ನಿಲ್ಲಿಸಿದ ಸ್ಕೂಟರುಗಳು ಇವನ್ನೆಲ್ಲ ಕಳೆದರೆ ಓಡಾಡಲು ಉಳಿಯುವುದು ಅದರ ಅರ್ಧ. ದೊಡ್ಡ ಅಗ್ನಿಶಾಮಕ ವಾಹನದ ಅಗಲವೇ ಸುಮಾರು ಎರಡೂವರೆ ಮೀಟರ್. ಗಲ್ಲಿಯನ್ನು ಪೂರಾ ಖಾಲಿ ಮಾಡಿಸಿದರೂ ವಾಹನ ಒಳಗೆ ಬರುವುದಿಲ್ಲ. ನನ್ನ ಚೀಲದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗದ ಪ್ರತಿ ಇತ್ತು. ಎತ್ತರದ ಕಟ್ಟಡದ ಎದುರಿನ ರಸ್ತೆ 12 ಮೀಟರ್ ಇರಬೇಕು, ಕಟ್ಟಡದ ಸುತ್ತ ವಾಹನ ಓಡಾಡಲು 6 ಮೀಟರ್ ಜಾಗ ಬಿಡಬೇಕು, ಆ ನೆಲ 45 ಟನ್ ಭಾರ ತಾಳಬೇಕು, ಗೇಟು ನಾಲ್ಕೂವರೆ ಮೀಟರ್ ಅಗಲ ಇರಬೇಕು ಎಂದು ಅದು ಹೇಳುತ್ತದೆ. ನಾನು ನಿಂತಿದ್ದ ಜಾಗದಲ್ಲಿ ನಿಂತು ಓದಿದರೆ ಅದು ಬೇರೆ ಯಾವುದೋ ಊರಿನ ವರ್ಣನೆಯಂತೆ ಕೇಳುತ್ತಿತ್ತು.

ಜೊತೆಗಿದ್ದ ಅಂಗಡಿಯ ಯಜಮಾನರು, "ಸಾರ್, ಈ ಪುಸ್ತಕ ನಮ್ಮ ಬೀದಿಯನ್ನು ನೋಡಿ ಬರೆದದ್ದಲ್ಲ" ಎಂದರು. ಒಪ್ಪಿದೆ. "ಹಾಗಾಗಿ ಅದು ನಮಗೆ ಅನ್ವಯಿಸುವುದಿಲ್ಲ" ಎಂದರು. ಅದನ್ನು ಒಪ್ಪಲಿಲ್ಲ. ಅವರ ಮೊದಲ ಮಾತಿಗೂ ಎರಡನೆಯ ಮಾತಿಗೂ ನಡುವೆ ಇರುವ ಕೆಲಸವನ್ನು ನಮ್ಮ ನಗರ ಇನ್ನೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ. ಇಂದು ನಿಮ್ಮ ಮುಂದೆ ಇಡಬೇಕೆಂದಿರುವುದು ಆ ಕೆಲಸದ ವಿಚಾರ.

ಮೊದಲು ಸಂಹಿತೆ ಏನೆಂದು ನೋಡೋಣ. ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ. 1983, 2005, 2016ರಲ್ಲಿ ಪರಿಷ್ಕರಣೆಯಾಯಿತು. ಅದರ ನಾಲ್ಕನೆಯ ಭಾಗ ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲು. ಅನೇಕರು ಇದನ್ನು ಸಂಸತ್ತು ಮಾಡಿದ ಕಾನೂನು ಎಂದುಕೊಂಡಿದ್ದಾರೆ. ಇದು ಶಿಫಾರಸು. ರಾಜ್ಯ ಸರ್ಕಾರ ಅಥವಾ ನಗರಪಾಲಿಕೆ ತನ್ನ ಬೈಲಾದಲ್ಲಿ ಸೇರಿಸಿಕೊಂಡಾಗ ಮಾತ್ರ ಇದಕ್ಕೆ ಕಾನೂನಿನ ಬಲ ಬರುತ್ತದೆ. ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯನ್ನು ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಅಧಿನಿಯಮವಿದೆ. ದೆಹಲಿಯಲ್ಲಿ ಬರೆದ ಸಂಹಿತೆಯನ್ನು ಊರಿಗೆ ತಕ್ಕಂತೆ ಒಗ್ಗಿಸಿಕೊಳ್ಳುವ ಬಾಗಿಲು ಹೀಗೆ ಮೊದಲಿನಿಂದಲೂ ತೆರೆದೇ ಇದೆ. ಆ ಬಾಗಿಲಿನಿಂದ ನಾವು ಏನನ್ನು ಒಳಗೆ ತಂದೆವು ಎಂಬುದೇ ನನ್ನ ಪ್ರಶ್ನೆ.

ಊರಿಗೆ ತಕ್ಕ ಅಗ್ನಿ ನಿಯಮ ನಮ್ಮ ಜನಕ್ಕೆ ಹೊಸದಲ್ಲ. ನಿಮ್ಮಲ್ಲಿ ಹಳ್ಳಿಯಿಂದ ಬಂದವರಿದ್ದರೆ ನೆನಪು ಮಾಡಿಕೊಳ್ಳಿ: ಹುಲ್ಲಿನ ಬಣವೆ ಎಲ್ಲಿರುತ್ತಿತ್ತು? ಮನೆಗೆ ಅಂಟಿಕೊಂಡು ಇರುತ್ತಿರಲಿಲ್ಲ. ಹಿತ್ತಲಿನಾಚೆಗೋ ಕಣದ ಮೂಲೆಗೋ ಒಟ್ಟುತ್ತಿದ್ದರು. ದನಕ್ಕೆ ಹುಲ್ಲು ತರಲು ಅಷ್ಟು ದೂರ ನಡೆಯುವ ಶ್ರಮವನ್ನು ದಿನವೂ ಪಡುತ್ತಿದ್ದರು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆಗಳು ಒಂದಕ್ಕೊಂದು ಗೋಡೆ ಹಂಚಿಕೊಂಡು ನಿಲ್ಲುತ್ತವೆ. ಅಲ್ಲಿ ಚಾವಣಿಯಿಂದ ಚಾವಣಿಗೆ ಕಿಡಿ ಹಾರಿ ಬೆಂಕಿ ಹತ್ತುವ ಭಯ ಕಡಿಮೆ. ಮಲೆನಾಡಿನಲ್ಲಿ ಸೋಗೆಯ, ಹುಲ್ಲಿನ ಮಾಡು; ಮನೆಗಳು ದೂರ ದೂರ. ಇದನ್ನು ಯಾರೂ ಬರೆದಿಡಲಿಲ್ಲ. ಆದರೆ ಚಾವಣಿಗೆ ತಕ್ಕ ಅಂತರ ಎಂಬ ಲೆಕ್ಕ ಅಲ್ಲಿತ್ತು.

ಈಗ ಒಂದು ಎಚ್ಚರಿಕೆಯ ಮಾತು. ಸ್ಥಳೀಯ ಎಂದ ಕೂಡಲೇ ಎಲ್ಲವನ್ನೂ ನಮಗೆ ಬೇಕಾದಂತೆ ಬದಲಾಯಿಸಬಹುದು ಎಂದುಕೊಳ್ಳಬಾರದು. 1904ರ ಫೆಬ್ರವರಿ 7, ಭಾನುವಾರ, ಅಮೆರಿಕದ ಬಾಲ್ಟಿಮೋರ್ ನಗರದ ವ್ಯಾಪಾರದ ಭಾಗಕ್ಕೆ ಬೆಂಕಿ ಬಿತ್ತು. ಸುತ್ತಲ ನಗರಗಳಿಂದ ನೆರವು ಬಂತು. ವಾಷಿಂಗ್ಟನ್‌ನಿಂದ, ಫಿಲಡೆಲ್ಫಿಯಾದಿಂದ, ನ್ಯೂಯಾರ್ಕ್‌ನಿಂದ ಪಂಪುಗಳು, ಜನ, ಹೋಸ್ ಪೈಪುಗಳು ಬಂದವು. ಬಂದವರಲ್ಲಿ ಅನೇಕರ ಪೈಪಿನ ಕಪ್ಲಿಂಗ್, ಅಂದರೆ ಜೋಡಿಸುವ ತುದಿ, ಬಾಲ್ಟಿಮೋರಿನ ಹೈಡ್ರಂಟಿಗೆ, ಅಂದರೆ ಬೆಂಕಿ ಆರಿಸಲೆಂದು ಬೀದಿಯಲ್ಲಿಟ್ಟ ನೀರಿನ ಬಾಯಿಗೆ, ಕೂರಲಿಲ್ಲ. ಪ್ರತಿ ನಗರವೂ ತನ್ನದೇ ಅಳತೆಯ ತಿರುಪು ಕೊರೆಸಿಕೊಂಡಿತ್ತು. ನೀರು ಇತ್ತು, ಪೈಪು ಇತ್ತು, ದೂರದಿಂದ ಓಡಿ ಬಂದ ಜನ ಇದ್ದರು. ಎರಡೂ ತುದಿಗಳು ಸೇರಲಿಲ್ಲ. ಸುಮಾರು ಮೂವತ್ತು ಗಂಟೆಗಳಲ್ಲಿ 1,500ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಆ ಮೇಲೆ ಎಣಿಸಿದಾಗ ಆ ದೇಶದಲ್ಲಿ ಆರುನೂರಕ್ಕೂ ಹೆಚ್ಚು ಬಗೆಯ ಕಪ್ಲಿಂಗ್‌ಗಳಿದ್ದವು. ಮರುವರ್ಷವೇ ಒಂದು ರಾಷ್ಟ್ರೀಯ ಅಳತೆ ಬಂತು.

ನಮ್ಮಲ್ಲಿ ಹೋಸ್ ಕಪ್ಲಿಂಗಿಗೆ ಐಎಸ್ 903 ಎಂಬ ಮಾನದಂಡವಿದೆ, ಸಾಮಾನ್ಯ ಅಳತೆ 63 ಮಿಲಿಮೀಟರ್. ಹೊರಗಿನಿಂದ ಬಂದವನ ಕೈಗೂ ಸಿಗಬೇಕಾದ ವಸ್ತುಗಳು ಎಲ್ಲೆಡೆ ಒಂದೇ ಇರಬೇಕು: ಕಪ್ಲಿಂಗ್, ಹೊರದಾರಿಯ ಹಸಿರು ಫಲಕ, ಕರೆ ಮಾಡುವ ಸಂಖ್ಯೆ, ಅಗ್ನಿಶಾಮಕ ಲಿಫ್ಟಿನ ಸ್ವಿಚ್ಚು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಂಕಿಯ ನೀರನ್ನು ಮಹಡಿಗಳಿಗೆ ಏರಿಸುವ ರೈಸರ್ ಪೈಪಿನ ಹಿತ್ತಾಳೆಯ ಬಾಯಿ ಕಳುವಾಗಿ, ಅಗ್ಗದ್ದೆಂದು ಬೇರೆ ಅಳತೆಯದ್ದನ್ನು ಹಾಕಿಸಿದ್ದರೆ ನಾಳೆಯೇ ತೆಗೆಸಿ. ನಾನು ನೋಡಿದ ಕಟ್ಟಡವೊಂದರಲ್ಲಿ ತೋಟದ ಪೈಪಿನ ನಲ್ಲಿಯನ್ನೇ ಅಲ್ಲಿ ಕೂರಿಸಿದ್ದರು. ಗಿಡಕ್ಕೆ ನೀರು ಹಾಯಿಸಲು ಅನುಕೂಲವಾಯಿತು ಎಂದು ಕಾವಲುಗಾರ ಸಂತೋಷದಿಂದ ತೋರಿಸಿದ. ಅವನ ತಪ್ಪಲ್ಲ, ಯಾರೂ ಅವನಿಗೆ ಹೇಳಿರಲಿಲ್ಲ.

ಹಾಗಾದರೆ ಬದಲಾಗಬೇಕಾದದ್ದು ಯಾವುದು? ಎರಡು ವರ್ಷದ ನಂತರ ಅದೇ ಅಮೆರಿಕದ ಇನ್ನೊಂದು ತುದಿಗೆ ಹೋಗೋಣ. 1906ರ ಏಪ್ರಿಲ್ 18ರ ಬೆಳಗ್ಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪವಾಯಿತು. ಬೆಂಕಿ ಹತ್ತಿಕೊಂಡಿತು, ನೀರಿನ ಕೊಳವೆಗಳು ನೆಲದಡಿಯಲ್ಲೇ ಮುರಿದಿದ್ದವು. ನಗರ ದಿನಗಟ್ಟಲೆ ಉರಿಯಿತು. ಆಮೇಲೆ ಆ ನಗರದವರು ತಮ್ಮ ನೆಲದ ಗುಣವನ್ನು ಒಪ್ಪಿಕೊಂಡರು: ಇಲ್ಲಿ ಭೂಮಿ ಮತ್ತೆ ಅಲುಗುತ್ತದೆ, ಕೊಳವೆ ಮತ್ತೆ ಒಡೆಯುತ್ತದೆ. ಹಾಗಾಗಿ ಕುಡಿಯುವ ನೀರಿನ ಜಾಲಕ್ಕೆ ಸೇರದ, ಬೆಂಕಿಗೆಂದೇ ಬೇರೆಯಾದ ಒತ್ತಡದ ನೀರಿನ ಜಾಲ ಕಟ್ಟಿದರು. ಗುಡ್ಡದ ಮೇಲೊಂದು ಜಲಾಶಯ, ಕಡಲ ನೀರನ್ನು ಎತ್ತುವ ಪಂಪ್‌ಮನೆ, ಬೀದಿಗಳ ಅಡಿಯಲ್ಲಿ ನೂರಾರು ಸಂಪುಗಳು. ಸಂಪೊಂದರಲ್ಲಿ ಸಾಮಾನ್ಯವಾಗಿ 75,000 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಲಕ್ಷ ಲೀಟರಿಗೂ ಹೆಚ್ಚು. ಇವತ್ತಿಗೂ ಆ ನಗರದ ಚೌಕಗಳಲ್ಲಿ ರಸ್ತೆಯ ಮೇಲೆ ಇಟ್ಟಿಗೆಯ ದೊಡ್ಡ ವೃತ್ತಗಳು ಕಾಣುತ್ತವೆ. ಕೆಳಗೆ ಸಂಪು ಇದೆ ಎಂಬುದರ ಗುರುತು ಅದು.

ಆ ರಾಜ್ಯದ ಕಾನೂನಿನ ಒಂದು ಅಂಶ ನನಗೆ ಬಹಳ ಇಷ್ಟ. ಕ್ಯಾಲಿಫೋರ್ನಿಯಾದಲ್ಲಿ ನಗರವೊಂದು ರಾಜ್ಯದ ಕಟ್ಟಡ ನಿಯಮವನ್ನು ತನಗಾಗಿ ತಿದ್ದಿಕೊಳ್ಳಬೇಕೆಂದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಆ ಕಾರಣ ಸ್ಥಳದ ಹವಾಮಾನ, ಭೂಗುಣ ಅಥವಾ ನೆಲದ ಏರುತಗ್ಗಿಗೆ ಸಂಬಂಧಪಟ್ಟಿರಬೇಕು. ತಿದ್ದುಪಡಿ ಮೂಲ ನಿಯಮಕ್ಕಿಂತ ಬಿಗಿಯಾಗಬಹುದೇ ಹೊರತು ಸಡಿಲವಾಗುವಂತಿಲ್ಲ. ನಮ್ಮಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು. ಸ್ಥಳೀಯ ಪರಿಸ್ಥಿತಿ ಎಂಬ ಮಾತು ನಮ್ಮ ಕಡತಗಳಲ್ಲಿ ಬರುವುದು ವಿನಾಯಿತಿ ಕೇಳುವಾಗ ಮಾತ್ರ. ರಸ್ತೆ ಕಿರಿದು, ಆದ್ದರಿಂದ ವಿನಾಯಿತಿ. ನಿವೇಶನ ಚಿಕ್ಕದು, ಆದ್ದರಿಂದ ವಿನಾಯಿತಿ. ಕಟ್ಟಡ ಹಳೆಯದು, ಆದ್ದರಿಂದ ವಿನಾಯಿತಿ. ರಸ್ತೆ ಕಿರಿದಾದರೆ ಅಪಾಯ ಹೆಚ್ಚಲ್ಲವೇ? ಹೆಚ್ಚಿದ ಅಪಾಯಕ್ಕೆ ಹೆಚ್ಚಿನ ರಕ್ಷಣೆ ಕೇಳಬೇಕಾದ ಜಾಗದಲ್ಲಿ ನಾವು ಇದ್ದ ರಕ್ಷಣೆಯನ್ನೂ ಬಿಟ್ಟುಕೊಡುತ್ತಿದ್ದೇವೆ. ಇದನ್ನು ನಾನು ಸಡಿಲಿಕೆ ಎನ್ನುತ್ತೇನೆ. ಒಂದನ್ನು ಬಿಡುವಾಗ ಅದೇ ಉದ್ದೇಶವನ್ನು ಕಾಯುವ ಇನ್ನೊಂದನ್ನು ಕಡ್ಡಾಯ ಮಾಡಿದರೆ ಅದು ಹೊಂದಾಣಿಕೆ.

ಬೆಂಗಳೂರಿನ ನೀರಿನ ವಿಚಾರದಲ್ಲಿ ಇದನ್ನು ವಿವರವಾಗಿ ನೋಡೋಣ, ಯಾಕೆಂದರೆ ನಮ್ಮ ನಗರದ ಅತಿ ವಿಶಿಷ್ಟ ಸ್ಥಿತಿ ಇದೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಹತ್ತಿರ ದೊಡ್ಡ ನದಿಯಿಲ್ಲದೆ ಕುಳಿತ ನಗರ ಇದು. ಕಾವೇರಿಯ ನೀರು ನೂರು ಕಿಲೋಮೀಟರಿನಷ್ಟು ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಪಂಪಾಗಿ ಮೇಲಕ್ಕೆ ಬರುತ್ತದೆ. ಬಹುಪಾಲು ಬಡಾವಣೆಗಳಲ್ಲಿ ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಕೆಲವೇ ಗಂಟೆ. ಬೀದಿಯ ಹೈಡ್ರಂಟಿನಲ್ಲಿ ಹಗಲೂ ರಾತ್ರಿ ಒತ್ತಡದ ನೀರು ಇರುತ್ತದೆ ಎಂಬ ಭರವಸೆಯ ಮೇಲೆ ಜಗತ್ತಿನ ಎಷ್ಟೋ ಅಗ್ನಿ ನಿಯಮಗಳು ನಿಂತಿವೆ. ಆ ಭರವಸೆ ಇಲ್ಲಿಲ್ಲ. ನಮ್ಮ ಸಂಹಿತೆ ಇದನ್ನು ಅರಿತು, ದೊಡ್ಡ ಕಟ್ಟಡಗಳು ಬೆಂಕಿಗೆಂದೇ ನೆಲದಡಿಯ ಸಂಪು ಮತ್ತು ತಾರಸಿಯ ಟ್ಯಾಂಕು ಇಟ್ಟುಕೊಳ್ಳಬೇಕೆಂದು ಹೇಳುತ್ತದೆ. ಕಾಗದದ ಮೇಲೆ ಇದು ಸರಿ.

ಆದರೆ 2024ರ ಮಾರ್ಚ್ ತಿಂಗಳು ನೆನಪಿದೆಯಲ್ಲವೇ? ಬೋರ್‌ವೆಲ್‌ಗಳು ಬತ್ತಿದ್ದವು. ಟ್ಯಾಂಕರಿಗಾಗಿ ಜನ ರಾತ್ರಿ ಕಾಯುತ್ತಿದ್ದರು. ಆ ದಿನಗಳಲ್ಲಿ ನಾನು ಒಂದು ದೊಡ್ಡ ಅಪಾರ್ಟ್‌ಮೆಂಟಿನ ಪರಿಶೀಲನೆಗೆ ಹೋಗಿದ್ದೆ. ಅಗ್ನಿ ಸಂಪಿನ ಮುಚ್ಚಳ ತೆಗೆಸಿದರೆ ತಳದಲ್ಲಿ ಮೊಣಕಾಲುದ್ದ ನೀರು. ಸಂಘದ ಕಾರ್ಯದರ್ಶಿ ಮುಚ್ಚಿಡಲಿಲ್ಲ: "ಮನೆಗಳಲ್ಲಿ ಮಕ್ಕಳಿಗೆ ಸ್ನಾನಕ್ಕೆ ನೀರಿಲ್ಲದಿರುವಾಗ ಇಲ್ಲಿ ಇಷ್ಟು ನೀರನ್ನು ಸುಮ್ಮನೆ ಇಟ್ಟುಕೊಳ್ಳಲು ನಮಗೆ ಮನಸ್ಸಾಗಲಿಲ್ಲ." ಆಕೆಯನ್ನು ಬೈಯಲು ನನಗೂ ಮನಸ್ಸಾಗಲಿಲ್ಲ. ಬಾಯಾರಿದ ನಗರದಲ್ಲಿ ಮುಟ್ಟದೆ ಇಟ್ಟ ನೀರು ಉಳಿಯುವುದಿಲ್ಲ, ಅದನ್ನು ಕಾವಲು ಇಟ್ಟು ಉಳಿಸಲಾಗದು, ಕಟ್ಟುವ ರೀತಿಯಿಂದಲೇ ಉಳಿಸಬೇಕು.

ಅದಕ್ಕೊಂದು ಸರಳ ಉಪಾಯ ಸಂಹಿತೆಯಲ್ಲೇ ಇದೆ, ಬಹಳಷ್ಟು ಜನ ಅದನ್ನು ಕಡೆಗಣಿಸುತ್ತಾರೆ. ಹೊರಗಿನಿಂದ ಬರುವ ನೀರು ಮೊದಲು ಅಗ್ನಿ ಸಂಪಿಗೆ ಬೀಳಬೇಕು. ಅದು ತುಂಬಿ ಉಕ್ಕಿದ್ದು ಮಾತ್ರ ಪಕ್ಕದ ಬಳಕೆಯ ಸಂಪಿಗೆ ಹರಿಯಬೇಕು. ಆಗ ಅಗ್ನಿ ಸಂಪು ಯಾವಾಗಲೂ ತುಂಬಿರುತ್ತದೆ, ನೀರು ನಿಂತು ಕೊಳೆಯುವುದೂ ಇಲ್ಲ. ಬೆಂಗಳೂರು ಇದಕ್ಕೆ ತನ್ನದೊಂದು ಸಾಲು ಸೇರಿಸಬಹುದು: ಮನೆಬಳಕೆಯ ಪಂಪಿನ ಕೊಳವೆ ಅಗ್ನಿ ಸಂಪಿನೊಳಗೆ ಇಳಿಯುವಂತಿಲ್ಲ, ಇಳಿಸಿದ್ದರೆ ಅನುಮತಿ ರದ್ದು. ಇನ್ನೂ ಒಂದು ಸಾಲು. ಇಲ್ಲಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕೊಳಚೆ ಶುದ್ಧೀಕರಣ ಘಟಕವಿದೆ, ಮಳೆನೀರು ಕೊಯ್ಲು ಕಡ್ಡಾಯವಾಗಿದೆ. ಚೆನ್ನಾಗಿ ಶುದ್ಧೀಕರಿಸಿ ಸೋಸಿದ ನೀರನ್ನು ಹೈಡ್ರಂಟ್ ಸಂಪಿನ ಭರ್ತಿಗೆ ಬಳಸಲು ನಿಯಮ ರೂಪಿಸಿ, ಗುಣಮಟ್ಟವನ್ನು ನಿಗದಿ ಮಾಡಿದರೆ, ಬೇಸಿಗೆಯಲ್ಲಿ ಸ್ನಾನದ ನೀರಿಗೂ ಬೆಂಕಿಯ ನೀರಿಗೂ ಜಗಳ ಇರುವುದಿಲ್ಲ. ಬೆಂಕಿಯ ಶಾಖಕ್ಕೆ ಚಾವಣಿಯಿಂದ ನೀರು ಚಿಮುಕಿಸುವ ಸ್ಪ್ರಿಂಕ್ಲರಿನ ಸಣ್ಣ ಬಾಯಿಗಳು ಕಟ್ಟಿಕೊಳ್ಳುವ, ಕೊಳವೆ ತುಕ್ಕು ಹಿಡಿಯುವ ಪ್ರಶ್ನೆಯಿದೆ, ಆದ್ದರಿಂದ ಸ್ಪ್ರಿಂಕ್ಲರಿಗೆ ಬೇರೆ ನೀರು, ಹೈಡ್ರಂಟಿಗೆ ಬೇರೆ ಎಂದು ವಿಂಗಡಿಸಬೇಕಾದೀತು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಲ್ಲಿ ಬಹಳ ಜನ ಇದ್ದೀರಿ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದನ್ನು ಕೈಗೆತ್ತಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಧರ್ಮಾಂಬುಧಿ ಕೆರೆಯಿತ್ತು. ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆಯಿತ್ತು. ಪೇಟೆಯ ಗಲ್ಲಿಗಳು ಆಗಲೂ ಕಿರಿದಾಗಿದ್ದವು, ಆದರೆ ನೀರು ನಡೆದು ಹೋಗುವಷ್ಟು ದೂರದಲ್ಲಿತ್ತು. ಗಲ್ಲಿಯ ಅಗಲ ಹಾಗೇ ಉಳಿದು, ನೀರು ಮಾತ್ರ ನೂರು ಕಿಲೋಮೀಟರ್ ಆಚೆ ಹೋಯಿತು. ಉಳಿದ ಕೆರೆಗಳ ಗತಿಯೂ ನಿಮಗೆ ಗೊತ್ತು. ಬೆಳ್ಳಂದೂರು ಕೆರೆಯ ಹುಲ್ಲಿಗೆ 2018ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಅದನ್ನು ಆರಿಸಲು ಸೇನೆಯ ಜವಾನರು ಇಳಿಯಬೇಕಾಯಿತು. ಬೆಂಕಿಗೆ ನೀರು ಕೊಡಬೇಕಾದ ಕೆರೆಯೇ ಉರಿಯಿತು. ಆ ಹೊಗೆಯನ್ನು ನೋಡಿದ ದಿನ ನನಗೆ ಆದ ಸಂಕಟ ಇನ್ನೂ ಹೋಗಿಲ್ಲ. ಚೇತರಿಸಿಕೊಂಡ ಕೆರೆಗಳ ದಂಡೆಯಲ್ಲಿ ಅಗ್ನಿಶಾಮಕ ವಾಹನ ನಿಂತು ನೀರು ಹೀರುವಂತಹ ಗಟ್ಟಿ ಕಟ್ಟೆಯೊಂದನ್ನು ಕಟ್ಟಿಸಿ ಎಂದು ನಾನು ಸಿಕ್ಕ ಸಭೆಯಲ್ಲೆಲ್ಲ ಕೇಳುತ್ತಲೇ ಇದ್ದೇನೆ. ನಡೆಯುವವರಿಗೆ ಪಥ, ಮಕ್ಕಳಿಗೆ ಜಾರುಬಂಡೆ ಎಲ್ಲ ಬಂದಿದೆ, ಬರಲಿ. ಜೊತೆಗೆ ಇದೂ ಬರಲಿ.

ಮತ್ತೆ ಗಲ್ಲಿಗೆ ಬರೋಣ. ಪೇಟೆಯ ಕಟ್ಟಡವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೆಳಗೆ ಅಂಗಡಿ, ಅದರ ಮೇಲೆ ಚಿನ್ನದ ಕೆಲಸದ ಕೊಠಡಿ, ಅಲ್ಲಿ ಗ್ಯಾಸಿನ ಉರಿ. ಅದರ ಮೇಲೆ ಗೋದಾಮು, ಎಲ್ಲಕ್ಕೂ ಮೇಲೆ ಒಂದು ಸಂಸಾರ. ಎಲ್ಲರಿಗೂ ಸೇರಿ ಒಂದೇ ಮೆಟ್ಟಿಲು, ಅಗಲ 75 ಸೆಂಟಿಮೀಟರ್. ಸಂಹಿತೆ ಕಟ್ಟಡಗಳನ್ನು ವಾಸದ್ದು, ವ್ಯಾಪಾರದ್ದು, ಕೈಗಾರಿಕೆಯದ್ದು, ದಾಸ್ತಾನಿನದ್ದು ಎಂದು ವಿಂಗಡಿಸುತ್ತದೆ. ಇಲ್ಲಿ ಆ ನಾಲ್ಕೂ ಒಂದರ ಮೇಲೊಂದು ಕುಳಿತಿವೆ. ಇವರನ್ನೆಲ್ಲ ಖಾಲಿ ಮಾಡಿಸಿ ಎನ್ನುವವರಿದ್ದಾರೆ. ತಲೆಮಾರುಗಳಿಂದ ಬದುಕು ಕಟ್ಟಿಕೊಂಡವರನ್ನು ಒಂದು ಕೋಷ್ಟಕ ತೋರಿಸಿ ಎಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಮಲಗಿದ ಮಕ್ಕಳ ಕೆಳಗೆ ದಾಸ್ತಾನು ತುಂಬಿಟ್ಟು ಕಣ್ಣು ಮುಚ್ಚಿಕೊಳ್ಳುವುದನ್ನೂ ಒಪ್ಪಲಾರೆ.

ವಾಹನ ಬರುವುದಿಲ್ಲ ಎಂಬುದನ್ನು ಒಪ್ಪಿಕೊಂಡು ಅಲ್ಲಿಂದ ಯೋಚಿಸೋಣ. 12 ಮೀಟರ್ ರಸ್ತೆಯನ್ನು ಸಂಹಿತೆ ಯಾಕೆ ಕೇಳಿತು? ನೀರು ಬೇಗ ತಲುಪಲಿ, ಏಣಿ ನಿಲ್ಲಲಿ ಎಂದು. ವಾಹನದ ಬದಲು ನೀರನ್ನೇ ಗಲ್ಲಿಯೊಳಗೆ ಕಳಿಸಬಹುದು. ಅಗಲ ರಸ್ತೆಯಿಂದ ಗಲ್ಲಿಯ ಉದ್ದಕ್ಕೂ ಒಣ ಕೊಳವೆಯೊಂದನ್ನು, ಅಂದರೆ ಬೆಂಕಿ ಬಿದ್ದಾಗ ಮಾತ್ರ ನೀರು ತುಂಬುವ ಖಾಲಿ ಕೊಳವೆಯನ್ನು, ಗೋಡೆಗೆ ಹಾಯಿಸಿ, ಮೂವತ್ತು ಮೀಟರಿಗೊಂದರಂತೆ 63 ಮಿಲಿಮೀಟರಿನ ಬಾಯಿ ಇಟ್ಟರೆ, ವಾಹನ ಮುಖ್ಯರಸ್ತೆಯಲ್ಲೇ ನಿಂತು ಪಂಪು ಮಾಡುತ್ತದೆ, ಒಳಗೆ ಓಡಿದ ಸಿಬ್ಬಂದಿ ಅಲ್ಲೇ ಹೋಸ್ ಜೋಡಿಸುತ್ತಾರೆ. ಜಪಾನಿನ ಶಿರಕವಾ ಎಂಬ ಹಳ್ಳಿಯಲ್ಲಿ ಕಡಿದಾದ ಹುಲ್ಲಿನ ಚಾವಣಿಯ ಹಳೆಯ ಮನೆಗಳಿವೆ, ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಹುಲ್ಲನ್ನು ತೆಗೆಯುವಂತಿಲ್ಲ. ಅವರು ಊರ ತುಂಬ ಐವತ್ತಕ್ಕೂ ಹೆಚ್ಚು ನೀರು ಚಿಮ್ಮುವ ಫಿರಂಗಿಗಳನ್ನು ನಿಲ್ಲಿಸಿ, ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ತೆರೆದು ಪರೀಕ್ಷಿಸುತ್ತಾರೆ. ತೆಗೆಯಲಾಗದ ಅಪಾಯಕ್ಕೆ ಅವರು ಕಟ್ಟಿದ ಬೆಲೆ ಅದು.

ಎರಡನೆಯ ದಾರಿಯ ಪ್ರಶ್ನೆ ಇನ್ನೂ ಮುಖ್ಯ. ಕಿರಿದಾದ ಕಟ್ಟಡದಲ್ಲಿ ಇನ್ನೊಂದು ಮೆಟ್ಟಿಲಿಗೆ ಜಾಗವಿಲ್ಲ. ಆದರೆ ಪೇಟೆಯ ಮನೆಗಳ ತಾರಸಿಗಳು ಒಂದಕ್ಕೊಂದು ತಾಗಿವೆ. ಸಂಹಿತೆಯಲ್ಲಿ ಸಮತಲ ನಿರ್ಗಮನ ಎಂಬ ಕಲ್ಪನೆ ಇದೆ. ಕೆಳಗಿಳಿಯದೆ ಪಕ್ಕದ ಸುರಕ್ಷಿತ ಕಟ್ಟಡಕ್ಕೆ ದಾಟುವುದು. ಪೇಟೆಗೆ ಹೇಳಿ ಮಾಡಿಸಿದ ಮಾತು ಅದು. ಸಂಸಾರ ಮೇಲಿನ ಮಹಡಿಯಲ್ಲೇ ಇದೆ, ತಾರಸಿಗೆ ಅವರಿಗೆ ಹತ್ತೇ ಮೆಟ್ಟಿಲು. ತಾರಸಿಯ ಮೋಟುಗೋಡೆಯಲ್ಲಿ ಪಕ್ಕದ ಮನೆಗೆ ಒಂದು ಬಾಗಿಲು ಬಿಟ್ಟರೆ ಆಯಿತು. ಇದನ್ನು ಹೇಳಿದಾಗಲೆಲ್ಲ ಎದುರು ಮಾತು ಬರುತ್ತದೆ: ಕಳ್ಳರು ಬಂದರೆ? ಅಣ್ಣತಮ್ಮಂದಿರಲ್ಲೇ ಕೋರ್ಟಿನಲ್ಲಿ ವ್ಯಾಜ್ಯ ಇರುವಾಗ ಬಾಗಿಲು ಬಿಡುವವರು ಯಾರು? ಇವು ನಿಜವಾದ ತೊಡಕುಗಳು. ತೆರೆದರೆ ಗಂಟೆ ಹೊಡೆದುಕೊಳ್ಳುವ, ಬೀಗದ ಕೈ ಬೇಡದ ಚಿಲಕವನ್ನು ಬಳಸಬಹುದು. ವ್ಯಾಜ್ಯದ ವಿಚಾರಕ್ಕೆ ಬೈಲಾದಲ್ಲೇ ಒಂದು ವಾಕ್ಯ ಬೇಕು: ಈ ಬಾಗಿಲಿನಿಂದ ಯಾರಿಗೂ ಸ್ವತ್ತಿನ ಮೇಲೆ ಹಕ್ಕು ಹುಟ್ಟುವುದಿಲ್ಲ. ಇಂತಹ ಒಂದು ವಾಕ್ಯವನ್ನು ದೆಹಲಿಯಲ್ಲಿ ಕುಳಿತವರು ಬರೆಯಲಾರರು. ಅದು ನಮ್ಮ ಕೆಲಸ.

ಇದರ ಜೊತೆಗೆ ದಾಸ್ತಾನಿನ ಮೇಲೆ ಮಿತಿ ಬೇಕು. ಮೇಲೆ ಸಂಸಾರವಿದ್ದರೆ ಕೆಳಗೆ ಥಿನ್ನರ್, ಸೆಂಟು, ಪಟಾಕಿಯಂತಹವು ಸಂಪೂರ್ಣ ನಿಷಿದ್ಧ. ಚೌಕಾಸಿ ಇಲ್ಲ.

ಇನ್ನು ನಗರದ ಹೊಸ ಭಾಗಗಳಿಗೆ ಹೋಗೋಣ. 30 ಅಡಿಗೆ 40 ಅಡಿಯ ನಿವೇಶನ ಬೆಂಗಳೂರಿನ ಮೂಲ ಅಳತೆ. ಅದರ ಮೇಲೆ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿಯ ಪಿಜಿ. ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದರೆ ಎತ್ತರದ ಕಟ್ಟಡ. ಹಾಗಾಗಿ ಹದಿನೈದಕ್ಕೆ ಕೂದಲೆಳೆ ಕಡಿಮೆ ಇರುವ ಕಟ್ಟಡಗಳು ಬೀದಿ ತುಂಬ ಎದ್ದವು. ಈ ಗೆರೆಯನ್ನು ಎಲ್ಲಿಗೆ ಸರಿಸಿದರೂ ಕಟ್ಟಡಗಳು ಆ ಗೆರೆಯ ಅಡಿಯಲ್ಲೇ ಬಂದು ನಿಲ್ಲುತ್ತವೆ. ಸೂರತ್‌ನಲ್ಲಿ 2019ರ ಮೇ 24ರಂದು 22 ವಿದ್ಯಾರ್ಥಿಗಳು ಸತ್ತದ್ದು ಗಗನಚುಂಬಿಯಲ್ಲಿ ಅಲ್ಲ. ನಾಲ್ಕು ಮಹಡಿಯ ವಾಣಿಜ್ಯ ಕಟ್ಟಡದ ಮೇಲ್ಗಡೆಯಿದ್ದ ಕೋಚಿಂಗ್ ತರಗತಿಯಲ್ಲಿ. ನಮ್ಮ ಅಗ್ನಿಶಾಮಕ ಇಲಾಖೆಯ ಬಳಿ 90 ಮೀಟರ್ ಎತ್ತರಕ್ಕೆ ಚಾಚುವ ಏಣಿ ಇದೆ, ಸಂತೋಷ. ಆ ಏಣಿ ಪಿಜಿಯ ಬೀದಿಗೆ ತಿರುಗಲಾರದು.

ಇಂತಹ ಕಟ್ಟಡದ ಮೆಟ್ಟಿಲು ಎಲ್ಲಿ ಇಳಿಯುತ್ತದೆ ಎಂದು ನೋಡಿದ್ದೀರಾ? ನೇರ ಪಾರ್ಕಿಂಗಿನೊಳಕ್ಕೆ. ಮೆಟ್ಟಿಲ ಕೆಳಗೆ ವಿದ್ಯುತ್ ಮೀಟರುಗಳ ಸಾಲು. ಅದರ ಪಕ್ಕ ಇಪ್ಪತ್ತು ಮೂವತ್ತು ಸ್ಕೂಟರು, ಬೈಕು. ಈಗ ಅಲ್ಲೇ ವಿದ್ಯುತ್ ಸ್ಕೂಟರಿನ ಚಾರ್ಜಿಂಗ್, ಎಕ್ಸ್‌ಟೆನ್ಷನ್ ಬೋರ್ಡು ಎಳೆದು. ಅಲ್ಲಿ ಕಿಡಿ ಹತ್ತಿದರೆ ಮೆಟ್ಟಿಲ ಗೂಡೇ ಹೊಗೆಗೂಡಾಗುತ್ತದೆ, ಮೇಲೆ ಮಲಗಿದ ಅರುವತ್ತು ಜನರಿಗೆ ಇದ್ದ ಒಂದೇ ದಾರಿ ಮೊದಲ ಕೆಲವು ನಿಮಿಷಗಳಲ್ಲೇ ಹೋಗುತ್ತದೆ. ಕಲಬುರಗಿಯಿಂದ, ಕುಂದಾಪುರದಿಂದ, ಬಿಹಾರದಿಂದ, ಅಸ್ಸಾಮಿನಿಂದ ಕೆಲಸಕ್ಕೆ ಬಂದ ಮಕ್ಕಳು ಅವರು. ಅವರ ತಂದೆತಾಯಂದಿರು ಈ ಮೆಟ್ಟಿಲನ್ನು ನೋಡಿಯೇ ಇಲ್ಲ. ನಿಯಮ ಎತ್ತರವನ್ನು ಅಳೆಯುತ್ತದೆ. ಬೆಂಗಳೂರಿನ ನಿಯಮ ತಲೆಗಳನ್ನೂ ಎಣಿಸಬೇಕು. ಇಂತಿಷ್ಟು ಜನಕ್ಕಿಂತ ಹೆಚ್ಚು ಮಲಗುವ ಯಾವ ಕಟ್ಟಡವೇ ಆಗಲಿ, ಎತ್ತರ ಎಷ್ಟೇ ಇರಲಿ, ಅಗ್ನಿ ಪರಿಶೀಲನೆಗೆ ಒಳಪಡಬೇಕು. ಪಾರ್ಕಿಂಗಿಗೂ ಮೆಟ್ಟಿಲಿಗೂ ನಡುವೆ ಗೋಡೆ ಮತ್ತು ತಾನಾಗಿ ಮುಚ್ಚಿಕೊಳ್ಳುವ ಅಗ್ನಿನಿರೋಧಕ ಬಾಗಿಲು ಬೇಕು. ಮೀಟರು ಮೆಟ್ಟಿಲ ಕೆಳಗಿಂದ ಹೊರಗೋಡೆಗೆ ಹೋಗಬೇಕು. ಚಾರ್ಜಿಂಗ್ ಜಾಗ ಮುಂಭಾಗದ ಬಯಲಿನ ಕಡೆಗೆ ಇರಬೇಕು. ಇದರಲ್ಲಿ ಯಾವುದಕ್ಕೂ ಕಟ್ಟಡ ಕೆಡವಬೇಕಿಲ್ಲ.

ಸ್ಥಳೀಯ ಪರಿಸ್ಥಿತಿಗೆ ಸಂಬಂಧವೇ ಇಲ್ಲದ ಸಾವುಗಳೂ ಇವೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಆ ರಸ್ತೆ ಅಗಲವಾಗಿದೆ, ಹಗಲು ಹೊತ್ತು, ವಾಹನಗಳು ಬಂದವು. ವಿದ್ಯುತ್ ತಂತಿಗಳು ಹಾಯುವ ಡಕ್ಟಿನಿಂದ ಎದ್ದ ಹೊಗೆ ಮಹಡಿಗಳನ್ನು ತುಂಬಿತು, ಉಸಿರು ಕಟ್ಟಿದ ಜನ ಗಾಜು ಒಡೆದು ಹಾರಿದರು. ಡಕ್ಟನ್ನು ಪ್ರತಿ ಮಹಡಿಯ ಮಟ್ಟದಲ್ಲೂ ಮುಚ್ಚಬೇಕೆಂದು ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ ಹೊಂದಾಣಿಕೆಯ ಮಾತೇ ಬೇಕಿಲ್ಲ, ಬರೆದದ್ದನ್ನು ಮಾಡಿದ್ದರೆ ಸಾಕಿತ್ತು. ನಿಮ್ಮ ಕಚೇರಿಯಲ್ಲಿ ನಾಳೆ ಡಕ್ಟಿನ ಬಾಗಿಲು ತೆರೆಸಿ ಕೆಳಗೆ ಟಾರ್ಚ್ ಬಿಡಿ. ಕೆಳಗಿನ ಮಹಡಿಯ ಬೆಳಕು ಕಂಡರೆ ಹೊಗೆಗೂ ದಾರಿ ಇದೆ ಎಂದರ್ಥ.

ಸಭೆಯಿಂದ ಬಂದ ಚೀಟಿಗಳಲ್ಲಿ ಒಂದಕ್ಕೆ ಉತ್ತರಿಸಿ ಮುಗಿಸುತ್ತೇನೆ. ನಿವಾಸಿಗಳ ಸಂಘದ ಒಬ್ಬರು ಬರೆದಿದ್ದಾರೆ: ಕಿಟಕಿಯ ಗ್ರಿಲ್ ತೆಗೆಸಿ ಎಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ, ಏನು ಮಾಡಲಿ?

ತೆಗೆಸಬೇಡಿ. 2021ರ ಸೆಪ್ಟೆಂಬರಿನಲ್ಲಿ ಬೇಗೂರು ಸಮೀಪದ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದಾಗ ಬಾಲ್ಕನಿಯ ಗ್ರಿಲ್ಲಿನ ಹಿಂದೆ ಸಿಲುಕಿದವರನ್ನು ಕೆಳಗೆ ನಿಂತ ಜನ ನೋಡಬೇಕಾಯಿತು, ತಲುಪಲಾಗಲಿಲ್ಲ. ಆ ದೃಶ್ಯ ನೋಡಿದ ಮೇಲೂ ಗ್ರಿಲ್ ಬೇಕೆನ್ನುವವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗು ಬಾಲ್ಕನಿಯಿಂದ ಬೀಳುವ ಭಯ, ಒಂಟಿಯಾಗಿರುವ ವಯಸ್ಸಾದವರಿಗೆ ಕಳ್ಳರ ಭಯ. ಹೊರದೇಶದ ನಿಯಮಗಳು ಕಿಟಕಿ ತೆರೆಯುತ್ತದೆ ಎಂದೇ ನಂಬಿ ಬರೆದವು. ನಮ್ಮ ಕಿಟಕಿಗೆ ಕಬ್ಬಿಣವಿದೆ ಎಂಬುದರಿಂದ ನಮ್ಮ ನಿಯಮ ಶುರುವಾಗಬೇಕು. ಬಡಾವಣೆಯ ವೆಲ್ಡಿಂಗ್ ಅಂಗಡಿಯವರನ್ನು ಕರೆಸಿ. ಅಡುಗೆಮನೆಯಿಂದ ದೂರ ಇರುವ ಕೋಣೆಯ ಕಿಟಕಿ ಅಥವಾ ಬಾಲ್ಕನಿಯನ್ನು ಆರಿಸಿ, ಕೆಳಗೆ ಏಣಿ ಇಡಲು ಜಾಗ ಇರುವ ಕಡೆ ಆದರೆ ಒಳ್ಳೆಯದು. ಅಲ್ಲಿ ದೊಡ್ಡವರೊಬ್ಬರು ನುಸುಳಿ ಬರುವಷ್ಟು, ಎರಡಡಿ ಅಗಲ ಮೂರಡಿ ಎತ್ತರದ ಭಾಗವನ್ನು ಕತ್ತರಿಸಿ, ಕೀಲು ಹಾಕಿಸಿ ಬಾಗಿಲಿನಂತೆ ಮಾಡಿಸಿ. ಚಿಲಕ ಒಳಗಡೆ ಇರಲಿ, ಸಣ್ಣ ಮಕ್ಕಳ ಕೈಗೆ ಎಟುಕದಷ್ಟು ಮೇಲೆ, ಹೊರಗಿನಿಂದ ಕೈ ತೂರಿಸಲಾಗದಂತೆ ತಗಡಿನ ಮರೆ ಹಾಕಿಸಿ. ಬೀಗ ಬೇಡ, ಹೊಗೆಯಲ್ಲಿ ಬೀಗದ ಕೈ ಸಿಗುವುದಿಲ್ಲ. ಒಂದು ದಿನದ ಕೆಲಸ. ಆದ ಮೇಲೆ ಮನೆಯ ಎಲ್ಲರೂ, ಅಜ್ಜಿಯೂ ಸೇರಿ, ದೀಪ ಆರಿಸಿದ ಕೋಣೆಯಲ್ಲಿ ತಡವಿ ಒಮ್ಮೆ ಅದನ್ನು ತೆರೆದು ನೋಡಿ. ಮಳೆಗಾಲದಲ್ಲಿ ಕೀಲು ತುಕ್ಕು ಹಿಡಿಯುತ್ತದೆ, ಪ್ರತಿ ಮಳೆಗಾಲ ಮುಗಿದ ಮೇಲೆ ಎಣ್ಣೆ ಬಿಡಿ.